2013ರ ಮೆಕ್ಯಾನಿಕಲ್ ಪಂಪ್ ಪಿಕಪ್ ಕೊಟ್ಟು ಬಿಎಸ್6 ತಗೊಳ್ಳೋದಾ? ಕೋಲಾರದ ಓಡಾಟಕ್ಕೆ ಯಾವುದು ಸರಿ

ವಕ್ಕಲೇರಿ ಲೋಡಿಂಗ್:
ಎಲ್ಲರಿಗೂ ನಮಸ್ಕಾರ. ಗಾಡಿ 2013ರ ಮಾಡೆಲ್ ಬೊಲೆರೊ ಪಿಕಪ್, ಕೆಎ-07, ಬಿಎಸ್3 (ಹಳೇ ಹೊಗೆ ನಿಯಮದ್ದು, ಬಿಎಸ್6 ಈಗಿನದು), ಮೆಕ್ಯಾನಿಕಲ್ ಪಂಪ್, 2.4 ಲಕ್ಷ ಕಿ.ಮೀ. ಸಾಲ ತೀರಿದೆ, ಆದರೆ ಆರ್‌ಸಿಯಲ್ಲಿ ಫೈನಾನ್ಸ್ ಹೆಸರು ಹಾಗೇ ಇದೆ. ಓಡಾಟ ಹೀಗೆ: ಟೊಮ್ಯಾಟೊ ಸೀಸನ್‌ನಲ್ಲಿ ದಿನಕ್ಕೆ ಎರಡು ಟ್ರಿಪ್ ಕೋಲಾರ ಎಪಿಎಂಸಿಗೆ, ಒಂದು ಕಡೆಗೆ 18 ಕಿ.ಮೀ. ಮಂಡಿ ಮುಂದೆ ಲೈನಲ್ಲಿ ಒಂದೊಂದು ಗಂಟೆ ಇಂಜಿನ್ ಆನ್ ಇರುತ್ತೆ. ಉಳಿದ ತಿಂಗಳು ಹಸುವಿನ ಫೀಡು, ಸೈಲೇಜು, ಡ್ರಿಪ್ ಪೈಪು. ತಿಂಗಳಿಗೆ ಸರಾಸರಿ 1,500 ಕಿ.ಮೀ.

ಕೇಳ್ತಿರೋರು ಇಬ್ಬರಿದ್ದಾರೆ. ಒಬ್ಬರು ಆಂಧ್ರದ ಪಲಮನೇರು ಕಡೆಯವರು. ಇನ್ನೊಬ್ಬರು ಬ್ರೋಕರ್, ಹೆಸರು ಬದಲಾವಣೆಯ ಖಾಲಿ ಫಾರಂಗೆ ಸೈನ್ ಹಾಕಿಕೊಡಿ, ಪಾರ್ಟಿ ಸಿಕ್ಕಾಗ ಹೆಸರು ತುಂಬ್ಕೊತೀವಿ ಅಂತಾರೆ. ಕೊಟ್ಟು ಹೊಸ ಕಂಪ್ಯೂಟರ್ ಗಾಡಿ ತಗೊಳ್ಳೋದಾ, ಇದನ್ನೇ ಇಟ್ಕೊಳ್ಳೋದಾ? ತಿಳಿದವರು ಹೇಳಿ.

ಪಂಪ್-ನಾಜಲ್:
ಅಣ್ಣಾ, ನೀವು ಬರೆದಿರೋದರಲ್ಲಿ ಮುಖ್ಯವಾದದ್ದು ಎರಡೇ: 18 ಕಿ.ಮೀ. ಮತ್ತು ಲೈನಲ್ಲಿ ಒಂದು ಗಂಟೆ. ಬಿಎಸ್6 ಡೀಸೆಲ್ ಗಾಡಿಗೆ ಇವೆರಡೂ ಆಗಿಬರೋದಿಲ್ಲ.

ಬಿಎಸ್6 ಡೀಸೆಲ್‌ನಲ್ಲಿ ಸೈಲೆನ್ಸರ್ ದಾರಿಯಲ್ಲೇ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತೆ. ಕಪ್ಪು ಮಸಿ ಹೊರಗೆ ಬರದೆ ಅದರೊಳಗೆ ಕೂರುತ್ತೆ. ಕೂತ ಮಸಿ ಸುಟ್ಟು ಹೋಗೋಕೆ ಅಲ್ಲಿ 550ರಿಂದ 600 ಡಿಗ್ರಿ ಶಾಖ ಬೇಕು. ಹೈವೇಯಲ್ಲಿ ಲೋಡ್ ಹಾಕಿಕೊಂಡು ಹೋಗೋ ಗಾಡಿಯಲ್ಲಿ ಒಂದಷ್ಟು ಮಸಿ ತಾನಾಗೇ ಸುಡುತ್ತೆ. ಐಡ್ಲಿಂಗ್‌ನಲ್ಲಿ ನಿಂತ ಗಾಡಿಯ ಸೈಲೆನ್ಸರ್ ಆ ಶಾಖದ ಹತ್ತಿರಕ್ಕೂ ಹೋಗಲ್ಲ, ಮಸಿ ಮಾತ್ರ ಕೂರ್ತಾನೇ ಇರುತ್ತೆ. ಆಗ ಇಸಿಯು (ಗಾಡಿಯ ಕಂಪ್ಯೂಟರ್) ತಾನೇ ರೀಜನರೇಷನ್ ಶುರು ಮಾಡುತ್ತೆ, ಅಂದರೆ ಸಿಲಿಂಡರ್‌ಗೆ ತಡವಾಗಿ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು ಎಕ್ಸಾಸ್ಟ್ ಬಿಸಿ ಮಾಡುತ್ತೆ. ಅದು ನಡೀತಿರುವಾಗಲೇ ಮಂಡಿ ಗೇಟ್ ಬಂತು ಅಂತ ಕೀ ತೆಗೆದರೆ ಕೆಲಸ ಅರ್ಧಕ್ಕೆ ನಿಲ್ಲುತ್ತೆ. ಹೀಗೆ ಮತ್ತೆ ಮತ್ತೆ ನಿಂತರೆ ಲ್ಯಾಂಪ್ ಬರುತ್ತೆ, ಆಮೇಲೆ ಇಂಜಿನ್ ಎಳೆಯೋ ಶಕ್ತಿ ಕಡಿಮೆ ಆಗುತ್ತೆ, ಕೊನೆಗೆ ಶೋರೂಂನಲ್ಲಿ ಸ್ಕ್ಯಾನರ್ ಹಾಕಿ ಫೋರ್ಸ್ ರೀಜನ್ ಮಾಡಿಸಬೇಕು.

ಇನ್ನೊಂದು ತೊಂದರೆ ಕಣ್ಣಿಗೆ ಕಾಣಲ್ಲ. ಹಾಗೆ ತಡವಾಗಿ ಬಿಟ್ಟ ಡೀಸೆಲ್ ಪೂರ್ತಿ ಸುಡದೆ ಸಿಲಿಂಡರ್ ಗೋಡೆ ಹಿಡಿದು ಆಯಿಲ್ ಸಂಪ್‌ಗೆ ಇಳಿಯುತ್ತೆ. ಹಳೇ ಗಾಡಿಯಲ್ಲಿ ಆಯಿಲ್ ಕಡಿಮೆ ಆಯ್ತಾ ಅಂತ ಡಿಪ್‌ಸ್ಟಿಕ್ ನೋಡ್ತೀವಿ. ಬಿಎಸ್6ನಲ್ಲಿ ಜಾಸ್ತಿ ಆಯ್ತಾ ಅಂತಲೂ ನೋಡಬೇಕು. ಮ್ಯಾಕ್ಸ್ ಗೆರೆ ದಾಟಿ ಡೀಸೆಲ್ ವಾಸನೆ ಬಂದರೆ ಆ ಆಯಿಲ್ ನೀರಾಗಿದೆ ಅಂತ ಅರ್ಥ. ಕಿ.ಮೀ. ಇನ್ನೂ ಬಾಕಿ ಇದೆ ಅಂತ ಕಾಯದೆ ಬದಲಾಯಿಸಿ, ಇಲ್ಲಾಂದ್ರೆ ಟರ್ಬೊ ಬೇರಿಂಗ್ ಮೊದಲು ಹೋಗುತ್ತೆ.

ತಿಪಟೂರು ಕೊಬ್ಬರಿ ಲೈನ್:
ಪಂಪ್-ನಾಜಲ್ ಅವರು ಹೇಳಿದ್ದು ನಿಜ. ಆದರೆ ಇದನ್ನು ಓದಿ ಎಲ್ಲರೂ ಬಿಎಸ್6 ಅಂದರೆ ಹೆದರೋ ಹಾಗಾಗಬಾರದು. ತಿಪಟೂರಿಂದ ತುಮಕೂರು ಮೇಲೆ ಬೆಂಗಳೂರಿಗೆ ಲೋಡ್ ಹೊಡೆಯೋ ಗಾಡಿಗಳಲ್ಲಿ ಡಿಪಿಎಫ್ ಲ್ಯಾಂಪ್ ಬರೋದೇ ಅಪರೂಪ. ಒಂದೇ ಓಟಕ್ಕೆ ನೂರು ಕಿ.ಮೀ. ಮೇಲೆ ಸಿಗುತ್ತಲ್ಲ, ಮಸಿ ಸುಟ್ಟುಕೊಂಡು ಹೋಗುತ್ತೆ.

ಲ್ಯಾಂಪ್ ಬಂತು ಅಂತಲೇ ಇಟ್ಕೊಳ್ಳಿ. ಜೇನುಗೂಡಿನ ಥರ ಇರೋ ಹಳದಿ ಗುರುತು ಬಂದ ತಕ್ಷಣ ಶೋರೂಂಗೆ ಓಡಬೇಕಿಲ್ಲ. ಟ್ಯಾಂಕಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರಲಿ. ಎನ್‌ಎಚ್ 75 ಹತ್ತಿ, ಒಂದು ಗೇರ್ ಕಡಿಮೆ ಹಾಕಿ 2,000 ಆರ್‌ಪಿಎಂ ಮೇಲೆ 20-25 ನಿಮಿಷ ನಿಲ್ಲಿಸದೆ ಓಡಿಸಿ. ಲ್ಯಾಂಪ್ ಆರಿದ ಮೇಲೂ ಐದು ನಿಮಿಷ ಓಡಿಸಿ ಆಮೇಲೆ ಆಫ್ ಮಾಡಿ. ಆ ಹೊತ್ತಲ್ಲಿ ಸೈಲೆನ್ಸರ್ ಕೆಂಡದ ಥರ ಇರುತ್ತೆ. ರಾಗಿ ಹುಲ್ಲಿನ ಮೇಲೆ, ಕಣದಲ್ಲಿ, ಒಣ ಗರಿ ಬಿದ್ದಿರೋ ತೋಟದಲ್ಲಿ ಗಾಡಿ ನಿಲ್ಲಿಸಬೇಡಿ. ಇದು ತುಂಬಾ ಮುಖ್ಯ, ಬೆಂಕಿ ಹತ್ತೋದು ಒಂದು ಕ್ಷಣದ ಕೆಲಸ. ಹಳದಿ ಹೋಗಿ ಕೆಂಪು ಬಂದರೆ, ಇಲ್ಲಾ ಇಂಜಿನ್ ಲ್ಯಾಂಪೂ ಜೊತೆಗೆ ಬಂದರೆ ಮಾತ್ರ ಓಡಿಸೋ ಪ್ರಯತ್ನ ಬೇಡ, ಸ್ಕ್ಯಾನ್ ಮಾಡಿಸಿ.

ಆಯಿಲ್ ಅಂತೂ ಕಡ್ಡಾಯವಾಗಿ ಬುಕ್‌ನಲ್ಲಿ ಬರೆದಿರೋ ಲೋ-ಆಶ್ ಗ್ರೇಡೇ ಹಾಕಿಸಿ, ಸಿಕೆ-4 ಅಥವಾ ಸಿ3 ಅಂತ ಡಬ್ಬದ ಮೇಲೆ ಇರುತ್ತೆ. ಮಸಿ ಸುಡುತ್ತೆ, ಬೂದಿ ಸುಡಲ್ಲ. ಆಯಿಲ್‌ನ ಬೂದಿ ಡಿಪಿಎಫ್‌ನಲ್ಲಿ ತುಂಬಿದರೆ ಎಷ್ಟು ರೀಜನ್ ಮಾಡಿಸಿದರೂ ಖಾಲಿ ಆಗಲ್ಲ, ಬಿಚ್ಚಿ ತೊಳೆಸಬೇಕು ಇಲ್ಲಾ ಹೊಸದು ಹಾಕಿಸಬೇಕು.

ವಕ್ಕಲೇರಿ ಲೋಡಿಂಗ್:
ಥ್ಯಾಂಕ್ಸ್ ಅಣ್ಣಾ. ಯೂರಿಯಾ ಹಾಕೋ ಗಾಡಿಗಳೂ ಇದಾವಲ್ಲ, ಅದು ಹೇಗೆ? ಊರಲ್ಲಿ ಕೆಲವರು ಗೊಬ್ಬರದ ಯೂರಿಯಾನೇ ನೀರಲ್ಲಿ ಕರಗಿಸಿ ಹಾಕಬಹುದು ಅಂತಾರೆ.

ಪಂಪ್-ನಾಜಲ್:
ದಯವಿಟ್ಟು ಬೇಡ. ಎಸ್‌ಸಿಆರ್ (ಹೊಗೆಯ ವಿಷಾನಿಲ ಕಡಿಮೆ ಮಾಡೋ ವ್ಯವಸ್ಥೆ) ಇರೋ ಗಾಡಿಗೆ ಹಾಕೋ ಡಿಇಎಫ್ ಅಂದರೆ 32.5% ಶುದ್ಧ ಯೂರಿಯಾ, ಉಳಿದ 67.5% ಖನಿಜಾಂಶ ತೆಗೆದ ನೀರು. ಕ್ಯಾನ್ ಮೇಲೆ ಐಎಸ್‌ಒ 22241 ಅಂತ ಇರಬೇಕು. ಗೊಬ್ಬರದ ಯೂರಿಯಾಗೆ ಬೇವಿನ ಎಣ್ಣೆ ಲೇಪ ಇದೆ, ಬೈಯುರೆಟ್ ಅನ್ನೋ ಕಲ್ಮಶ ಇದೆ, ಧೂಳಿದೆ. ನಮ್ಮ ಬೋರ್‌ವೆಲ್ ನೀರಲ್ಲಿ ಸುಣ್ಣದಂಶ ಬೇರೆ. ಎಲ್ಲ ಸೇರಿ ಮೊದಲು ಡೋಸಿಂಗ್ ನಾಜಲ್ ಮೇಲೆ ಬಿಳಿ ಹರಳು ಕಟ್ಟುತ್ತೆ, ಆಮೇಲೆ ಪಂಪ್, ಕೊನೆಗೆ ಎಸ್‌ಸಿಆರ್ ಕ್ಯಾಟಲಿಸ್ಟ್ ಹೋಗುತ್ತೆ. ಆಗ ಪಿ20ಇಇ ಕೋಡ್ ಬರುತ್ತೆ, ಗಾಡಿ ತಾನಾಗೇ ಪವರ್ ಕಡಿಮೆ ಮಾಡ್ಕೊಳ್ಳುತ್ತೆ. ಸಬ್ಸಿಡಿ ಗೊಬ್ಬರವನ್ನ ಗಾಡಿಗೆ ಹಾಕೋದು ಕಾನೂನಿಗೂ ವಿರುದ್ಧ. ಡಿಇಎಫ್ ಕ್ಯಾನ್ ಬಿಸಿಲಲ್ಲಿ ಇಡಬೇಡಿ, ತುಂಬೋ ಫನಲ್ ಡೀಸೆಲ್‌ಗೆ ಬಳಸಿದ್ದು ಆಗಿರಬಾರದು. ಡೀಸೆಲ್ ಟ್ಯಾಂಕ್‌ಗೆ ತಪ್ಪಿ ಡಿಇಎಫ್ ಹಾಕಿದರೆ ಸ್ಟಾರ್ಟ್ ಮಾಡಲೇಬೇಡಿ, ಕೀನೂ ಆನ್ ಮಾಡಬೇಡಿ, ಟ್ಯಾಂಕ್ ಇಳಿಸಿ. ಕೆಲವು ಬಿಎಸ್6 ಪಿಕಪ್‌ಗೆ ಡಿಇಎಫ್ ಬೇಕಿಲ್ಲ, ಡೀಸೆಲ್ ಮುಚ್ಚಳದ ಪಕ್ಕ ನೀಲಿ ಮುಚ್ಚಳ ಇದೆಯಾ ನೋಡಿ.

ಮಧುಗಿರಿ 64:
ಇಂಜಿನ್ ಮಾತು ಆಯ್ತು, ಲೆಕ್ಕ ನೋಡೋಣ. 8 ಲಕ್ಷ ಸಾಲ, 11% ಬಡ್ಡಿ, 48 ಕಂತು ಅಂದರೆ ಇಎಂಐ ಸುಮಾರು 20,680. ನಿಮ್ಮದು ತಿಂಗಳಿಗೆ 1,500 ಕಿ.ಮೀ. ಅಂದರೆ ಪ್ರತಿ ಕಿ.ಮೀ.ಗೆ 13 ರೂಪಾಯಿ 80 ಪೈಸೆ ಬರೀ ಕಂತಿಗೇ ಹೋಗುತ್ತೆ. ಹೊಸ ಗಾಡಿ ಮೈಲೇಜ್ ಜಾಸ್ತಿ ಕೊಡುತ್ತೆ ಅಂತಾರೆ, ಸರಿ. ಹಳೇದು 11, ಹೊಸದು 13 ಕೊಟ್ಟರೆ ತಿಂಗಳಿಗೆ 21 ಲೀಟರ್ ಉಳಿತಾಯ, ಲೀಟರ್ 90 ಅಂದರೆ 1,890 ರೂಪಾಯಿ. ಆ ಉಳಿತಾಯ ಕಂತಿನ ಹತ್ತನೇ ಒಂದು ಭಾಗವೂ ಆಗಲ್ಲ. 4,500 ಕಿ.ಮೀ. ಓಡೋರಿಗೆ ಕಂತು ಕಿ.ಮೀ.ಗೆ 4 ರೂಪಾಯಿ 60 ಪೈಸೆಗೆ ಇಳಿಯುತ್ತೆ, ಡೀಸೆಲ್ ಉಳಿತಾಯ ಮೂರು ಪಟ್ಟಾಗುತ್ತೆ. ಹೊಸ ಗಾಡಿ ಅವರಿಗೆ ಸರಿ.

ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ಗಾಡಿಗಳ ಜಿಎಸ್‌ಟಿ 28ರಿಂದ 18%ಗೆ ಇಳಿದಿದೆ. ಅಂದರೆ ತೆರಿಗೆ ಸೇರಿದ ಬೆಲೆಯಲ್ಲಿ ಸುಮಾರು 7.8% ಇಳಿಕೆ. ಹೊಸದು ಇಳಿದಾಗ ಹಳೇದರ ಬೆಲೆಯನ್ನೂ ಕೆಳಕ್ಕೆ ಎಳೆಯುತ್ತೆ. ಅದಕ್ಕೇ 2024ರಲ್ಲಿ ಪಕ್ಕದ ಮನೆಯವರ ಗಾಡಿ ಎಷ್ಟಕ್ಕೆ ಹೋಯ್ತು ಅನ್ನೋದನ್ನ ಇಟ್ಕೊಂಡು ಬೆಲೆ ಹೇಳಬೇಡಿ.

ಶಿಡ್ಲಘಟ್ಟ ರೋಡ್:
ನಡುವಿನ ದಾರಿಯನ್ನ ಯಾರೂ ಹೇಳಲಿಲ್ಲ. ಬಿಎಸ್4 ದೇಶಪೂರ್ತಿ ಬಂದದ್ದು 2017ರ ಏಪ್ರಿಲ್ 1ಕ್ಕೆ, ಬಿಎಸ್6 ಬಂದದ್ದು 2020ರ ಏಪ್ರಿಲ್ 1ಕ್ಕೆ. ಈ ಮೂರು ವರ್ಷದ ಪಿಕಪ್‌ಗಳಲ್ಲಿ ಬಹುಪಾಲು ಕಾಮನ್ ರೈಲ್ (ಹೆಚ್ಚು ಪ್ರೆಷರ್‌ನಲ್ಲಿ ಡೀಸೆಲ್ ಬಿಡೋ ವ್ಯವಸ್ಥೆ), ಇಸಿಯು ಇದೆ, ಆದರೆ ಡಿಪಿಎಫ್ ಇಲ್ಲ. ನಿಮ್ಮಂಥ ಗಿಡ್ಡ ಓಟಕ್ಕೆ ಅದು ಹೊಂದುತ್ತೆ. 2023ರ ಏಪ್ರಿಲ್ ನಂತರದ್ದು ಬಿಎಸ್6ನ ಎರಡನೇ ಹಂತ, ಅದರಲ್ಲಿ ಸೆನ್ಸರ್ ನಿಗಾ ಇನ್ನೂ ಬಿಗಿ.

ಕಂಪ್ಯೂಟರ್ ಇರೋ ಯಾವುದೇ ಸೆಕೆಂಡ್ ಹ್ಯಾಂಡ್ ನೋಡೋಕೆ ಹೋಗುವಾಗ ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಗಾಡಿಯ ದೋಷದ ಕೋಡ್ ಓದೋ ಸಾಧನ) ಜೇಬಲ್ಲಿರಲಿ. ಸ್ಟೇರಿಂಗ್ ಕೆಳಗೆ 16 ಪಿನ್ ಪೋರ್ಟ್ ಇರುತ್ತೆ. ಗಾಡಿ ತಣ್ಣಗಿರುವಾಗಲೇ ಹೋಗಿ, ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬಿಸಿ ಇದ್ದರೆ ಕೋಲ್ಡ್ ಸ್ಟಾರ್ಟ್ ಮುಚ್ಚಿಟ್ಟಿದ್ದಾರೆ ಅಂತ ಅನುಮಾನ ಇರಲಿ. ಕೀ ಆನ್ ಮಾಡಿದಾಗ ಇಂಜಿನ್ ಲ್ಯಾಂಪ್ ಹತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತೋದೇ ಇಲ್ಲ ಅಂದರೆ ಬಲ್ಬ್ ಕಿತ್ತಿರಬಹುದು. ಪಿ0087 ಅಂದರೆ ರೈಲ್‌ನಲ್ಲಿ ಪ್ರೆಷರ್ ಕಡಿಮೆ. ಡೀಸೆಲ್ ಫಿಲ್ಟರ್ ಕಟ್ಟಿರಬಹುದು, ಹೈ-ಪ್ರೆಷರ್ ಪಂಪ್ ಹೋಗಿರಬಹುದು. ಮೊದಲನೆಯದು ಸಾವಿರದ ಮಾತು, ಎರಡನೆಯದು ಹತ್ತಾರು ಸಾವಿರ. ಪಿ0401 ಇಜಿಆರ್ (ಹೊಗೆಯನ್ನ ಇಂಜಿನ್‌ಗೆ ವಾಪಸ್ ಬಿಡೋ ವಾಲ್ವ್) ಕಟ್ಟಿರೋದು. ಪಿ0299 ಟರ್ಬೊ ಪ್ರೆಷರ್ ಕಡಿಮೆ, ಬಹಳ ಸಲ ಹರಿದ ಹೋಸ್ ಅಷ್ಟೇ. ಪಿ2463 ಡಿಪಿಎಫ್‌ನಲ್ಲಿ ಮಸಿ ಜಾಸ್ತಿ. ಪಿ2002 ಬಂದರೆ ಡಿಪಿಎಫ್ ಒಡೆದಿರಬಹುದು ಅಥವಾ ಒಳಗಿನದನ್ನ ತೆಗೆದು ಖಾಲಿ ಡಬ್ಬ ಬೆಸೆದಿರಬಹುದು. ಅದನ್ನ ಟೈಲ್‌ಪೈಪಲ್ಲೂ ಪತ್ತೆ ಮಾಡಬಹುದು: ಡಿಪಿಎಫ್ ಸರಿ ಇರೋ ಗಾಡಿಯ ಪೈಪೊಳಗೆ ಬೆರಳು ಹಾಕಿ ಉಜ್ಜಿದರೆ ಕರಿ ಹೆಚ್ಚು ಹತ್ತಲ್ಲ. ಕಪ್ಪು ಮಸಿ ದಪ್ಪಗೆ ಬಂದರೆ ಆ ಗಾಡಿ ಬಿಟ್ಟುಬಿಡಿ.

ಕೋಡ್ ಒಂದೂ ಇಲ್ಲ ಅಂತ ಖುಷಿಪಡಬೇಡಿ. ಆಪ್‌ನಲ್ಲಿ ರೆಡಿನೆಸ್ ಮಾನಿಟರ್ (ಗಾಡಿ ತನ್ನನ್ನ ತಾನೇ ಪರೀಕ್ಷೆ ಮಾಡಿ ಮುಗಿಸಿದೆಯಾ ಅನ್ನೋದು) ನೋಡಿ. ಎಲ್ಲವೂ ‘ಇನ್‌ಕಂಪ್ಲೀಟ್’ ಅಂತಿದ್ದರೆ ಬೆಳಿಗ್ಗೆಯೇ ಕೋಡ್ ಅಳಿಸಿದ್ದಾರೆ, ಇಲ್ಲಾ ಬ್ಯಾಟರಿ ಬಿಚ್ಚಿದ್ದಾರೆ. 30-40 ಕಿ.ಮೀ. ಓಡಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ.

ವಕ್ಕಲೇರಿ ಲೋಡಿಂಗ್:
ಇದು ತುಂಬಾ ಉಪಯೋಗ ಆಯ್ತು. ಹಳೇದನ್ನ ಕೊಡೋದಾದರೆ ಮೊದಲು ಏನೇನು ರಿಪೇರಿ ಮಾಡಿಸಬೇಕು?

ಪಂಪ್-ನಾಜಲ್:
ಪೇಂಟ್ ಮಾಡಿಸಬೇಡಿ. ಹೊಸ ಪೇಂಟ್ ಕಂಡರೆ ಗಾಡಿ ಗೊತ್ತಿರೋನು ಕೆಳಗೆ ತುಕ್ಕು ಮುಚ್ಚಿದ್ದಾರೆ ಅಂತಲೇ ಅಂದುಕೊಳ್ಳೋದು.

ನೋಡೋಕೆ ಬಂದವರು ಮೊದಲು ಮಾಡೋದು ಒಂದೇ. ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಹಾಕೋ ಮುಚ್ಚಳ ತಿರುಗಿಸಿ ಹಾಗೇ ಮೇಲೆ ಇಡ್ತಾರೆ. ಮುಚ್ಚಳ ಸಣ್ಣಗೆ ನಡುಗಿದರೆ ಸರಿ. ಕುಣಿದು ಬಿದ್ದು ಹೊಗೆ ಬುಸುಬುಸು ಬಂದರೆ ಬ್ಯಾಕ್ ಕಂಪ್ರೆಷನ್, ರಿಂಗ್ ಸವೆದಿದೆ. 2.4 ಲಕ್ಷ ಓಡಿದ ಗಾಡಿಯಲ್ಲಿ ಸ್ವಲ್ಪ ಇರೋದೇ. ಅದಕ್ಕೆ ಇಂಜಿನ್ ಬಿಚ್ಚಿಸಬೇಡಿ, ಹಾಕಿದ ದುಡ್ಡು ಬೆಲೆಯಲ್ಲಿ ವಾಪಸ್ ಬರಲ್ಲ. ಇದೆ ಅಂತ ಹೇಳಿ ಬೆಲೆಯಲ್ಲಿ ಬಿಡಿ.

ಕಪ್ಪು ಹೊಗೆ ಇದ್ದರೆ ಮಾತ್ರ ಖರ್ಚು ಮಾಡಿ. ಏರ್ ಫಿಲ್ಟರ್ ಹೊಸದು ಹಾಕಿಸಿ, ನಾಜಲ್ ಬಿಚ್ಚಿಸಿ ಟೆಸ್ಟ್ ಬೆಂಚ್ ಮೇಲೆ ನೋಡಿಸಿ. ಹಳೇ ನಾಜಲ್ ತೆರೆಯೋದು ಕೆಲವು ನೂರು ಬಾರ್‌ನಲ್ಲಿ ಅಷ್ಟೇ, ಶಿಮ್ ಹಾಕಿ ಸರಿ ಮಾಡಬಹುದು. ಕಾಮನ್ ರೈಲ್‌ನಲ್ಲಿ ಪ್ರೆಷರ್ 1,600 ಬಾರ್ ಆಸುಪಾಸು ಹೋಗುತ್ತೆ, ಹೊಸ ಇಂಜೆಕ್ಟರ್ ಹಾಕಿದರೆ ಅದರ ಕೋಡನ್ನ ಇಸಿಯುಗೆ ತುಂಬಿಸಬೇಕು. ಎರಡಕ್ಕೂ ಇರೋ ವ್ಯತ್ಯಾಸ ಇದೇ: ನಿಮ್ಮ ಗಾಡಿಯನ್ನ ಮುಳಬಾಗಿಲು ರೋಡಲ್ಲಿ ಯಾವ ಪಂಪ್ ಮೆಕ್ಯಾನಿಕ್ ಬೇಕಾದರೂ ಎಬ್ಬಿಸಿಕೊಡ್ತಾನೆ. ಪಲಮನೇರಿನವರು ಹುಡುಕ್ಕೊಂಡು ಬಂದಿರೋದೂ ಅದಕ್ಕೇ ಇರಬೇಕು.

ಹಿಂದಿನ ಪ್ಲೇಟ್ ಸೆಟ್ (ಸ್ಪ್ರಿಂಗ್ ಪಟ್ಟಿಗಳು) ಕೆಳಗೆ ಬಗ್ಗಿ ನೋಡಿ. ಮುರಿದ ಪ್ಲೇಟ್ ಇದ್ದರೆ ಬದಲಾಯಿಸಿ, ಯು-ಬೋಲ್ಟ್ ಟೈಟ್ ಮಾಡಿಸಿ, ಶಾಕಲ್ ಬುಷ್ ಹಾಕಿಸಿ. ಟೊಮ್ಯಾಟೊ ಗಾಡಿಯಲ್ಲಿ ಹಣ್ಣಿನ ರಸ ಸೋರಿ ಸೋರಿ ಬಾಡಿ ಕ್ರಾಸ್ ಮೆಂಬರ್ ಮತ್ತು ಚಾಸಿ ಸೇರೋ ಜಾಗ ತುಕ್ಕು ತಿಂದಿರುತ್ತೆ. ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿ ನೋಡಿ. ಟಣ್ ಅಂದರೆ ಕಬ್ಬಿಣ ಇದೆ, ಡಬ್ ಅಂದು ಪದರ ಉದುರಿದರೆ ಇಲ್ಲ. ಲೋಡ್‌ನ ಪ್ರಶ್ನೆಯೂ ಬರುತ್ತೆ. 15 ಕೆ.ಜಿ. ಹಣ್ಣು, ಕ್ರೇಟಿನ ತೂಕ ಸೇರಿ 17 ಅಂದರೆ ನೂರು ಕ್ರೇಟಿಗೇ 1.7 ಟನ್. 150 ಹೇರಿ ಓಡಿಸಿದ ಗಾಡಿ ಅಂತ ಸ್ಪ್ರಿಂಗ್ ಹ್ಯಾಂಗರ್ ಹತ್ತಿರದ ಬಿರುಕು ತಾನೇ ಹೇಳುತ್ತೆ.

ಬಿ-ಎಕ್ಸ್‌ಟ್ರಾಕ್ಟ್:
ಈಗ ಪೇಪರ್ ಮಾತು. ಆ ಬ್ರೋಕರ್ ಕೇಳ್ತಿರೋ ಖಾಲಿ ಸೈನ್ ಮಾತ್ರ ಖಂಡಿತ ಕೊಡಬೇಡಿ ಸರ್. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಗಾಡಿ ನಾಲ್ಕು ಕೈ ದಾಟಿದ್ದರೂ ಆಕ್ಸಿಡೆಂಟ್ ಪರಿಹಾರಕ್ಕೆ ಹೊಣೆ ಆರ್‌ಸಿ ಹೆಸರಿನವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇನ್ಶೂರೆನ್ಸ್ ಇಲ್ಲದೆ ಅವರು ಓಡಿಸಿದರೆ ನಿಮ್ಮ ಜಮೀನಿನವರೆಗೂ ಬರುತ್ತೆ. ಬ್ರೋಕರ್ ಆರ್‌ಟಿಒ ಅನುಮತಿ ಪಡೆದ ಡೀಲರ್ ಆಗಿದ್ದರೆ ಫಾರಂ 29ಸಿ ಮೂಲಕ ಗಾಡಿ ತಮ್ಮ ವಶಕ್ಕೆ ಬಂತು ಅಂತ ಪೋರ್ಟಲ್‌ನಲ್ಲಿ ತಿಳಿಸಲಿ. ಅಲ್ಲಿಂದ ಹೊಣೆ ಅವರದು. ಅದಕ್ಕೆ ಒಪ್ಪದಿದ್ದರೆ ವ್ಯವಹಾರ ಬೇಡ.

ಮೊದಲ ಕೆಲಸ ಫೈನಾನ್ಸ್ ಹೆಸರು ತೆಗೆಸೋದು. ಸಾಲ ತೀರಿಸಿದ ಎನ್‌ಒಸಿ ಮತ್ತು ಫಾರಂ 35 ಬೇಕು. ಎನ್‌ಒಸಿಗೆ ಅವಧಿ ಬರೆದಿದ್ದು ಅದು ಮುಗಿದಿದ್ದರೆ ಹೊಸದು ತರಬೇಕು. ಇದಾಗದೆ ಟ್ರಾನ್ಸ್‌ಫರ್ ಮುಂದಕ್ಕೆ ಹೋಗಲ್ಲ. ಆಮೇಲೆ ಬಿ-ಎಕ್ಸ್‌ಟ್ರಾಕ್ಟ್ (ಆರ್‌ಟಿಒ ದಾಖಲೆಯ ನಕಲು) ತೆಗೆದು ಹೆಸರು, ಚಾಸಿ ನಂಬರ್, ಇಂಜಿನ್ ನಂಬರ್ ತಾಳೆ ನೋಡಿ. ಎಚ್‌ಎಸ್‌ಆರ್‌ಪಿ ಪ್ಲೇಟ್ ಇಲ್ಲದಿದ್ದರೆ ಹಾಕಿಸಿ. ಟ್ಯಾಕ್ಸ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಎಮಿಷನ್, ಇನ್ಶೂರೆನ್ಸ್ ಚಾಲ್ತಿಯಲ್ಲಿರಬೇಕು, ಚಲನ್ ಬಾಕಿ ಇರಬಾರದು. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ ವರ್ಷ ವರ್ಷ. ಎಫ್‌ಸಿ ಮುಗಿಯೋ ಮುಂಚೆ ಮಾರಿದರೆ ಬೆಲೆ ಬೇರೆ, ಮುಗಿದ ಮೇಲೆ ಬೇರೆ. 15 ವರ್ಷ ದಾಟಿದರೆ ಗುಜರಿಗೇ ಅನ್ನೋ ಮಾತು ನಮ್ಮ ಕಡೆ ಖಾಸಗಿಯವರ ಗಾಡಿಗೆ ಸರಿಯಲ್ಲ. ನೋಂದಣಿ ನವೀಕರಣ ನಿಲ್ಲಿಸಿರೋದು ಸರ್ಕಾರಿ ಗಾಡಿಗಳಿಗೆ. ಆದರೆ ಎಫ್‌ಸಿ ಶುಲ್ಕ ಆಗ ಜೋರಾಗಿ ಏರುತ್ತೆ, ಅದು ನಿಜ.

ಕರ್ನಾಟಕದೊಳಗೆ ಮಾರಿದರೆ ಫಾರಂ 29 ಎರಡು ಪ್ರತಿ, ಫಾರಂ 30, ಜೊತೆಗೆ ಚಾಸಿ ಪ್ರಿಂಟ್. ಚಾಸಿ ನಂಬರ್ ಮೇಲಿನ ಗ್ರೀಸ್, ತುಕ್ಕನ್ನ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ವೈರ್ ಬ್ರಷ್ ಜೋರಾಗಿ ಉಜ್ಜಬೇಡಿ, ಅಕ್ಷರ ಸವೆದರೆ ನಂಬರ್ ತಿದ್ದಿದ್ದಾರೆ ಅನ್ನೋ ಅನುಮಾನ ಬರುತ್ತೆ. ತೆಳು ಪೇಪರ್ ಇಟ್ಟು ಪೆನ್ಸಿಲ್ ಮಲಗಿಸಿ ಉಜ್ಜಿ, ಪ್ರತಿ ಅಂಕಿ ಮೂಡಬೇಕು. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು.

ಪಲಮನೇರು ಬೇರೆ ರಾಜ್ಯ. ಫಾರಂ 28ರಲ್ಲಿ ಕೋಲಾರ ಆರ್‌ಟಿಒ ಎನ್‌ಒಸಿ ಬೇಕು, ಗಾಡಿ ಮೇಲೆ ಕಳವು ಕೇಸ್ ಇಲ್ಲ ಅನ್ನೋ ಪೊಲೀಸ್ ದಾಖಲೆ ಪರಿಶೀಲನೆಯೂ ಆಗುತ್ತೆ. ಅಲ್ಲಿ ಅವರು ಟ್ಯಾಕ್ಸ್ ಕಟ್ಟಿ ಹೊಸ ನಂಬರ್ ಪಡೀಬೇಕು. ಎನ್‌ಒಸಿ ಕೊಟ್ಟ ಕೂಡಲೇ ನಿಮ್ಮ ಹೆಸರು ಹೋಗಲ್ಲ, ಅಲ್ಲಿ ನೋಂದಣಿ ಆದ ಮೇಲೇ ಹೋಗೋದು. ಅದಕ್ಕೇ ಒಂದಷ್ಟು ಮೊತ್ತ ಠೇವಣಿ ಥರ ಇಟ್ಕೊಂಡು, ಹೊಸ ಆರ್‌ಸಿ ತೋರಿಸಿದ ಮೇಲೆ ವಾಪಸ್ ಕೊಡೋ ಮಾತು ಬರವಣಿಗೆಯಲ್ಲಿ ಮಾಡ್ಕೊಳ್ಳಿ.

ತಿಪಟೂರು ಕೊಬ್ಬರಿ ಲೈನ್:
ಪರ್ಮಿಟ್ ಬಗ್ಗೆ ಒಂದು ಮಾತು ಸೇರಿಸ್ತೀನಿ. ಒಟ್ಟು ತೂಕ 3,000 ಕೆ.ಜಿ. ದಾಟದ ಸರಕು ಗಾಡಿಗೆ ಪರ್ಮಿಟ್ ಬೇಡ. ಹೊಸದು ನೋಡುವಾಗ ಆರ್‌ಸಿಯಲ್ಲಿ ಜಿವಿಡಬ್ಲ್ಯೂ (ಲೋಡ್ ಸೇರಿ ಒಟ್ಟು ತೂಕ) ಎಷ್ಟು ಬರುತ್ತೆ ಅಂತ ಕೇಳಿ, ದೊಡ್ಡ ಪಿಕಪ್‌ಗಳು ಇದನ್ನ ದಾಟುತ್ತವೆ. ಡ್ರೈವರ್‌ಗೆ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಇದ್ದರೆ 7,500 ಕೆ.ಜಿ.ವರೆಗೆ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನ ಪೀಠವೂ ಹೇಳಿದೆ.

ಗಿಡ್ಡ ಓಟಕ್ಕೆ ಸಿಎನ್‌ಜಿ-ಪೆಟ್ರೋಲ್ ಗಾಡಿಯೂ ಇದೆ, ಇಂಟ್ರಾ ವಿ20 ಥರದ್ದು. ಡೀಸೆಲ್ ಡಿಪಿಎಫ್ ತಲೆನೋವೇ ಇಲ್ಲ. ಆದರೆ ಪೇಲೋಡ್ ಒಂದು ಟನ್, 58 ಕ್ರೇಟಿಗೆ ಮುಗೀತು.

ಶಿಡ್ಲಘಟ್ಟ ರೋಡ್:
ಕಂಪ್ಯೂಟರ್ ಗಾಡಿ ತಗೊಂಡರೆ ಬಾಡಿ ಕಟ್ಟಿಸುವಾಗ ಹುಷಾರು. ಕ್ರೇಟ್ ಜಾಲರಿಗೆ ಆರ್ಕ್ ವೆಲ್ಡಿಂಗ್ ಮಾಡೋ ಮುಂಚೆ ಬ್ಯಾಟರಿ ನೆಗೆಟಿವ್ ಬಿಚ್ಚಿ, ಇಸಿಯು ಕನೆಕ್ಟರ್ ಕಿತ್ತಿಡಿ, ವೆಲ್ಡಿಂಗ್ ಅರ್ಥ್ ಕ್ಲ್ಯಾಂಪನ್ನ ಬೆಸೆಯೋ ಜಾಗದ ಪಕ್ಕದಲ್ಲೇ ಹಾಕಿಸಿ. ಅರ್ಥ್ ದೂರ ಇದ್ದರೆ ಕರೆಂಟ್ ದಾರಿ ಹುಡುಕ್ಕೊಂಡು ವೈರಿಂಗ್ ಮೂಲಕ ಹೋಗುತ್ತೆ. ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಗನ್ ಇಂಜಿನ್ ಮೇಲೆ ಹೊಡೆಸಬೇಡಿ. ಸ್ಟಾರ್ಟ್ ಹೊಡೆಯುವಾಗ ವೋಲ್ಟ್ 9.6ಕ್ಕಿಂತ ಇಳಿದರೆ ಬ್ಯಾಟರಿ ಬದಲಾಯಿಸಿ, ಇಲ್ಲಾಂದ್ರೆ ಇಲ್ಲದ ಕಾಯಿಲೆಗೆಲ್ಲ ಕೋಡ್ ಬರುತ್ತೆ. ಫೀಡ್ ಮೂಟೆ ಪಕ್ಕ ಗಾಡಿ ನಿಲ್ಲಿಸೋರು ಇಲಿಗೆ ಜಾಲರಿ ಹಾಕಿಸಲೇಬೇಕು. ಒಂದು ವೈರ್ ಕಡಿದರೆ ಸಾಕು, ಗಾಡಿ ನಿಂತಲ್ಲೇ ನಿಲ್ಲುತ್ತೆ.

ವಕ್ಕಲೇರಿ ಲೋಡಿಂಗ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಸೀಸನ್ ಇದೇ ಗಾಡಿಯಲ್ಲಿ ಮುಗಿಸ್ತೀನಿ. ಅಷ್ಟರಲ್ಲಿ ಫೈನಾನ್ಸ್ ಹೆಸರು ತೆಗೆಸಿ, ಪ್ಲೇಟ್ ಸೆಟ್ ಮತ್ತು ನಾಜಲ್ ಮಾಡಿಸಿ, ಎಫ್‌ಸಿಗೆ ಮೂರು ತಿಂಗಳು ಇರುವಾಗಲೇ ಪಲಮನೇರಿನವರಿಗೆ ಹೇಳ್ತೀನಿ. ಆಮೇಲೆ 2018-19ರ ಬಿಎಸ್4 ಹುಡುಕ್ತೀನಿ. ಗಾಡಿ ಕೈಗೆ ಕೊಡೋ ದಿನ ಇನ್ನೇನಾದರೂ ನೋಡ್ಕೋಬೇಕಾ?

ಬಿ-ಎಕ್ಸ್‌ಟ್ರಾಕ್ಟ್:
ಆರ್‌ಟಿಒ ಎನ್‌ಒಸಿ ಕೈಗೆ ಬಂದ ಮೇಲೇ ಗಾಡಿ ಕೊಡಿ ಸರ್. ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜೊತೆ ಗಂಟೆ-ನಿಮಿಷ, ಓಡೋಮೀಟರ್ ರೀಡಿಂಗ್ ಬರೆಸಿ, ಇಬ್ಬರು ಸಾಕ್ಷಿ ಸೈನ್ ಹಾಕಲಿ, ಕೊಂಡವರ ಆಧಾರ್ ಪ್ರತಿ ತಗೊಳ್ಳಿ. ಸಂಜೆ 4ಕ್ಕೆ ಕೊಟ್ಟು 6ಕ್ಕೆ ಏನಾದರೂ ಆದರೆ ಗಾಡಿ ಯಾರ ಕೈಯಲ್ಲಿತ್ತು ಅನ್ನೋದಕ್ಕೆ ಆ ಗಂಟೆಯೇ ಸಾಕ್ಷಿ. ಫಾಸ್ಟ್‌ಟ್ಯಾಗ್ ಅವರ ಮುಂದೆಯೇ ಕಿತ್ತು, ಬ್ಯಾಂಕ್‌ಗೆ ಹೇಳಿ ಕ್ಲೋಸ್ ಮಾಡಿಸಿ. ಇನ್ಶೂರೆನ್ಸ್ ಕಂಪನಿಗೆ 14 ದಿನದೊಳಗೆ ಹೆಸರು ಬದಲಾವಣೆ ತಿಳಿಸೋಕೆ ಅವರಿಗೆ ಹೇಳಿ. ನೋ ಕ್ಲೇಮ್ ಬೋನಸ್ ನಿಮ್ಮದು, ಗಾಡಿಯದಲ್ಲ. ಸರ್ಟಿಫಿಕೇಟ್ ಬರೆಸ್ಕೊಳ್ಳಿ, ಮೂರು ವರ್ಷದೊಳಗೆ ಆ ಬಿಎಸ್4 ಗಾಡಿಗೆ ಹಾಕಿಸ್ಕೋಬಹುದು. ಡ್ಯಾಶ್‌ಬೋರ್ಡ್ ಖಾನೆಯನ್ನ ಒಂದ್ಸಲ ಪೂರ್ತಿ ಖಾಲಿ ಮಾಡಿ ನೋಡಿ. ಹಳೇ ಮಂಡಿ ಪಟ್ಟಿ, ಬ್ಯಾಂಕ್ ಚೀಟಿ, ಸೈನ್ ಹಾಕಿದ ಖಾಲಿ ಫಾರಂ ಅಲ್ಲೇ ಉಳಿದಿರುತ್ತವೆ.